ಏನೂ ತಿನ್ನದಿದ್ದರೂ ಬೆಳಿಗ್ಗೆ ಶುಗರ್ ಏರುತ್ತದಲ್ಲ, ಎಲ್ಲಿಂದ?

ಪ್ರಶ್ನೆ: ಡಾಕ್ಟ್ರೇ, ನನಗೆ 54 ವರ್ಷ, ಉಡುಪಿಯ ಸಂತೆಕಟ್ಟೆಯಲ್ಲಿ ಮನೆ. ತೂಕ 64 ಕೆ.ಜಿ. ಆರು ವರ್ಷದಿಂದ ಶುಗರ್ ಉಂಟು. ಮೆಟ್‌ಫಾರ್ಮಿನ್ 500 ಬೆಳಿಗ್ಗೆ ಒಂದು, ರಾತ್ರಿ ಒಂದು. ರಾತ್ರಿ ಎಂಟಕ್ಕೆ ಕುಚ್ಚಲಕ್ಕಿ ಗಂಜಿ, ಪಲ್ಯ, ಅಷ್ಟೇ ಊಟ. ಹತ್ತೂವರೆಗೆ ಮಲಗುವಾಗ ಮೆಷಿನ್ನಿನಲ್ಲಿ ನೋಡಿದರೆ 132. ಬೆಳಿಗ್ಗೆ ಆರೂವರೆಗೆ ಖಾಲಿ ಹೊಟ್ಟೆಯಲ್ಲಿ 158. ಹೆಚ್ಚುಕಮ್ಮಿ ದಿನಾ ಇದೇ ಕಥೆ. ಮೊನ್ನೆ ಏಕಾದಶಿಗೆ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ, ದ್ವಾದಶಿ ಬೆಳಿಗ್ಗೆ ಪಾರಣೆಗೆ ಮೊದಲು ನೋಡಿದರೆ 141! ಎಚ್‌ಬಿಎ1ಸಿ 7.6 ಬಂದಿದೆ. ಡಾಕ್ಟರು ಇನ್ನೊಂದು ಮಾತ್ರೆ ಸೇರಿಸುವ ಎನ್ನುತ್ತಾರೆ. ಪಕ್ಕದ ಮನೆಯವರು ‘ನಿಮ್ಮ ಪ್ಯಾಂಕ್ರಿಯಾಸ್ ಸತ್ತುಹೋಗಿದೆ, ಇನ್ನು ಇಂಜೆಕ್ಷನ್ನೇ ಗತಿ’ ಎಂದು ಹೆದರಿಸುತ್ತಾರೆ. ತಿನ್ನದ ಸಕ್ಕರೆ ಬರುವುದು ಎಲ್ಲಿಂದ? ರಾತ್ರಿ ಊಟವನ್ನೇ ಬಿಟ್ಟರೆ ಆಗುತ್ತದಾ? ಹಾಗಲಕಾಯಿ ರಸ ಕುಡಿದರೆ ಪ್ಯಾಂಕ್ರಿಯಾಸ್ ಸರಿಯಾಗುತ್ತದಾ?

ಉತ್ತರ: ಆ ಸಕ್ಕರೆ ಬಂದದ್ದು ನಿಮ್ಮ ಲಿವರಿನಿಂದ. ಅದೊಂದು ವಿಚಿತ್ರವೂ ಅಲ್ಲ, ನಿಮ್ಮೊಬ್ಬರಿಗೇ ಆಗುವುದೂ ಅಲ್ಲ. ಶುಗರ್ ಇರಲಿ ಇಲ್ಲದಿರಲಿ, ರಾತ್ರಿಯಿಡೀ ಎಲ್ಲರ ಲಿವರೂ ರಕ್ತಕ್ಕೆ ಗ್ಲುಕೋಸ್ ಬಿಡುತ್ತಲೇ ಇರುತ್ತದೆ. ಬಿಡದಿದ್ದರೆ ನಾವ್ಯಾರೂ ಬೆಳಿಗ್ಗೆ ಏಳುತ್ತಿರಲಿಲ್ಲ. ನಿಮ್ಮಲ್ಲಿ ಅದು ಸ್ವಲ್ಪ ಜಾಸ್ತಿ ಬಿಡುತ್ತಿದೆ, ಅದಕ್ಕೆ ‘ಸಾಕು’ ಎನ್ನುವವರ ದನಿ ತಗ್ಗಿದೆ, ‘ಬಿಡು’ ಎನ್ನುವವರ ದನಿ ತಗ್ಗಿಲ್ಲ. ಸಾಕು ಎನ್ನುವುದು ಇನ್ಸುಲಿನ್, ಬಿಡು ಎನ್ನುವುದು ಗ್ಲುಕಗಾನ್. ಎರಡೂ ಪ್ಯಾಂಕ್ರಿಯಾಸ್ ಗ್ರಂಥಿಯ ಹಾರ್ಮೋನುಗಳೇ. ಇನ್ಸುಲಿನ್ ಹೆಸರು ಈಗ ಚಿಕ್ಕ ಮಕ್ಕಳಿಗೂ ಗೊತ್ತು. ಗ್ಲುಕಗಾನ್ ಎಂಬುದೊಂದು ಉಂಟು ಎಂದು ಇಪ್ಪತ್ತು ವರ್ಷ ಮಾತ್ರೆ ನುಂಗಿದವರಿಗೂ ಯಾರೂ ಹೇಳಿರುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಅಲ್ಲಿ.

ಮೊದಲು ಲೆಕ್ಕ ನೋಡುವ. ಆರೋಗ್ಯವಂತರ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲುಕೋಸ್ ಒಟ್ಟು ಸುಮಾರು 5 ಗ್ರಾಂ. ಒಂದು ಟೀ ಚಮಚದಷ್ಟು. ಮಿದುಳೊಂದಕ್ಕೇ ದಿನಕ್ಕೆ 120 ಗ್ರಾಂನಷ್ಟು ಬೇಕು, ಅಂದರೆ ಗಂಟೆಗೆ 5 ಗ್ರಾಂ, ನಿದ್ದೆಯಲ್ಲಿದ್ದರೂ. ರಕ್ತದಲ್ಲಿರುವ ದಾಸ್ತಾನು ಒಂದು ಗಂಟೆಗೂ ಸಾಲದು. ಹಾಗಾಗಿ ಖಾಲಿ ಹೊಟ್ಟೆಯಲ್ಲಿ ಲಿವರು ಪ್ರತಿ ಕಿಲೋ ದೇಹತೂಕಕ್ಕೆ ನಿಮಿಷಕ್ಕೆ ಸುಮಾರು 2 ಮಿಲಿಗ್ರಾಂ ಗ್ಲುಕೋಸ್ ಬಿಡುತ್ತದೆ. ನಿಮ್ಮ 64 ಕೆ.ಜಿ.ಗೆ ಗಂಟೆಗೆ ಏಳೂವರೆ ಗ್ರಾಂ, ಹತ್ತೂವರೆಯಿಂದ ಆರೂವರೆವರೆಗೆ ಎಂಟು ಗಂಟೆಗೆ 60 ಗ್ರಾಂ.

ಈಗ ನಿಮ್ಮ 132 ಮತ್ತು 158 ನೋಡಿ. ವ್ಯತ್ಯಾಸ 26. ಇದು ಪ್ರತಿ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ. ರಕ್ತದಲ್ಲಿಯೂ ಜೀವಕೋಶಗಳ ಹೊರಗಿನ ನೀರಿನಲ್ಲಿಯೂ ಹರಡಿದ್ದನ್ನು ಕೂಡಿಸಿದರೆ ಅದು ಮೂರೋ ನಾಲ್ಕೋ ಗ್ರಾಂ ಗ್ಲುಕೋಸ್. ಎಂಟು ಗಂಟೆಯಲ್ಲಿ ಲಿವರು 60 ಗ್ರಾಂ ಕೊಟ್ಟು, ಮೈ 56 ಖರ್ಚು ಮಾಡಿದರೆ ಸಾಕು, ಬೆಳಿಗ್ಗೆ ನೀವು ಗಾಬರಿಯಾಗುವ ಸಂಖ್ಯೆ ಬರುತ್ತದೆ. ಇಷ್ಟು ಸಣ್ಣ ತಪ್ಪಿಗೆ ‘ಪ್ಯಾಂಕ್ರಿಯಾಸ್ ಸತ್ತಿದೆ’ ಎನ್ನುವುದು ದೊಡ್ಡ ಮಾತು. ಇನ್ನೊಂದು: ಮನೆಯ ಮೆಷಿನ್ನುಗಳಿಗೆ ಶೇ 15ರವರೆಗೆ ಆಚೀಚೆ ತೋರಿಸಲು ಅಂತಾರಾಷ್ಟ್ರೀಯ ಮಾನದಂಡದಲ್ಲೇ ಅವಕಾಶ ಇದೆ. ಒಂದು ದಿನದ ಓದನ್ನು ಹಿಡಿದು ಲೆಕ್ಕ ಹಾಕಬೇಡಿ. ನಿಮ್ಮದು ದಿನಾ ಹೀಗೆಯೇ ಬರುತ್ತಿರುವುದರಿಂದ ನಂಬುತ್ತೇನೆ.

ಲಿವರು ಎಲ್ಲಿಂದ ಕೊಡುತ್ತದೆ? ಊಟ ಮಾಡಿದಾಗ ಗ್ಲುಕೋಸಿನ ಒಂದು ಪಾಲನ್ನು ಅದು ಗ್ಲೈಕೊಜೆನ್ ಮಾಡಿ ಇಟ್ಟುಕೊಳ್ಳುತ್ತದೆ, ಸುಮಾರು 100 ಗ್ರಾಂ. ಸ್ನಾಯುಗಳಲ್ಲಿ ಅದರ ಮೂರ್ನಾಲ್ಕು ಪಟ್ಟು ಇರುತ್ತದೆ, ಆದರೆ ಅದು ಸ್ನಾಯುವಿನ ಸ್ವಂತ ಖರ್ಚಿಗೆ ಮಾತ್ರ. ರಕ್ತಕ್ಕೆ ಬಿಡಲು ಬೇಕಾದ ಕಿಣ್ವ ಸ್ನಾಯುವಿನಲ್ಲಿ ಇಲ್ಲ. ಊರಿಗೆಲ್ಲ ಹಂಚುವುದು ಲಿವರು, ಸ್ವಲ್ಪ ಮಟ್ಟಿಗೆ ಕಿಡ್ನಿ. ಏಕಾದಶಿಯಂಥ ಉಪವಾಸದಲ್ಲಿ ದಶಮಿ ರಾತ್ರಿಯಿಂದ ದ್ವಾದಶಿ ಬೆಳಿಗ್ಗೆವರೆಗೆ 36 ಗಂಟೆ ಆಗುತ್ತದೆ. ಗ್ಲೈಕೊಜೆನ್ ಹೆಚ್ಚುಕಮ್ಮಿ ಒಂದು ದಿನದೊಳಗೇ ತಳ ಕಾಣುತ್ತದೆ. ಆಮೇಲೆ ಲಿವರು ಹೊಸದಾಗಿ ತಯಾರಿಸುತ್ತದೆ: ಸ್ನಾಯುವಿನಿಂದ ಬಂದ ಅಮೈನೊ ಆಮ್ಲ, ಕೊಬ್ಬು ಒಡೆದಾಗ ಸಿಗುವ ಗ್ಲಿಸರಾಲ್, ಲ್ಯಾಕ್ಟೇಟ್, ಇವುಗಳಿಂದ. ಅನ್ನದ ಅಗಳು ಬೇಕೆಂದೇ ಇಲ್ಲ. ನಿಮ್ಮ 141 ಅಲ್ಲಿಯದು.

ಇನ್ನು ಆಜ್ಞೆ ಕೊಡುವ ಜಾಗಕ್ಕೆ ಬರುವ. ಪ್ಯಾಂಕ್ರಿಯಾಸ್ ಹೊಟ್ಟೆಯ ಹಿಂದೆ ಅಡ್ಡಕ್ಕೆ ಮಲಗಿದ ಒಂದು ಗೇಣಿನಷ್ಟು ಉದ್ದದ ಗ್ರಂಥಿ, ತೂಕ 100 ಗ್ರಾಂ ಒಳಗೆ. ಅದರ ಬಹುಪಾಲು ಕೆಲಸ ಜೀರ್ಣರಸ ತಯಾರಿಸುವುದು. ಅದರೊಳಗೆ ಅಲ್ಲಲ್ಲಿ ಬೇರೆ ಜಾತಿಯ ಕೋಶಗಳ ಗುಂಪುಗಳಿವೆ ಎಂದು 1869ರಲ್ಲಿ ಪೌಲ್ ಲಾಂಗರ್‌ಹಾನ್ಸ್ ಎಂಬ ಬರ್ಲಿನ್ನಿನ ವಿದ್ಯಾರ್ಥಿ ಬರೆದ. ಅವು ಯಾಕಿವೆ ಎಂದು ಅವನಿಗೆ ತಿಳಿದಿರಲಿಲ್ಲ. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವೈದ್ಯರು ನಾಯಿಯ ಪ್ಯಾಂಕ್ರಿಯಾಸ್ ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. ಈ ಗುಂಪುಗಳು, ಅಂದರೆ ಐಲೆಟ್‌ಗಳು, ನಮ್ಮಲ್ಲಿ ಸುಮಾರು 10 ಲಕ್ಷ ಇವೆ. ಎಲ್ಲ ಸೇರಿದರೂ ಗ್ರಂಥಿಯ ಶೇ 1-2 ಮಾತ್ರ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೀಟಾ ಕೋಶಗಳು, ಇನ್ಸುಲಿನ್ ಮಾಡುವವು. ಆಮೇಲಿನ ದೊಡ್ಡ ಪಾಲು ಆಲ್ಫಾ, ಗ್ಲುಕಗಾನ್ ಮಾಡುವವು. ಸ್ವಲ್ಪ ಡೆಲ್ಟಾ ಕೋಶಗಳೂ ಇವೆ, ಅವುಗಳ ಸೊಮಟೊಸ್ಟಾಟಿನ್ ಇಬ್ಬರನ್ನೂ ಹಿಡಿತದಲ್ಲಿಡುತ್ತದೆ.

ಬೀಟಾ ಕೋಶವನ್ನು ಹತ್ತಿರದಿಂದ ನೋಡಬೇಕು, ಯಾಕೆಂದರೆ ನಿಮಗೆ ಕೊಡಬಹುದಾದ ಮಾತ್ರೆಗಳ ಗುಣ ಅಲ್ಲಿಯೇ ತಿಳಿಯುವುದು. ಬೆಳಿಗ್ಗೆ ಮೂರು ನೀರುದೋಸೆ ತಿಂದಿರಿ ಎನ್ನಿ. ರಕ್ತದ ಗ್ಲುಕೋಸ್ ಏರುತ್ತದೆ, ಬೀಟಾ ಕೋಶದ ಒಳಗೂ ಏರುತ್ತದೆ. ಕೋಶ ಅದನ್ನು ಉರಿಸಿ ಶಕ್ತಿ ಮಾಡುತ್ತದೆ. ಶಕ್ತಿ ಹೆಚ್ಚಾದೊಡನೆ ಅದರ ಪೊರೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ದಾರಿ ಮುಚ್ಚುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಮೊದಲೇ ತಯಾರಾಗಿ ಕಾಯುತ್ತಿದ್ದ ಇನ್ಸುಲಿನ್ ಹೊರಬೀಳುತ್ತದೆ. ಇದರಲ್ಲಿ ಎರಡು ಹಂತ ಉಂಟು. ಮೊದಲ ಹತ್ತು ನಿಮಿಷದೊಳಗೆ ಒಮ್ಮೆಲೇ ಒಂದು ಅಲೆ, ಆಮೇಲೆ ನಿಧಾನಕ್ಕೆ, ಬಹಳ ಹೊತ್ತಿನವರೆಗೆ. ಟೈಪ್ 2ರಲ್ಲಿ, ಅಂದರೆ ನಿಮ್ಮಂಥವರ ಶುಗರಿನಲ್ಲಿ, ಎಲ್ಲಕ್ಕಿಂತ ಮೊದಲು ಕೈಕೊಡುವುದು ಆ ಮೊದಲ ಅಲೆ. ಲ್ಯಾಬಿನವರು ಯಾರೂ ಅದನ್ನು ಅಳೆಯುವುದಿಲ್ಲ. ಫಾಸ್ಟಿಂಗ್ ಸರಿಯಾಗಿಯೇ ಇರುತ್ತದೆ, ಊಟದ ನಂತರದ್ದು ಮಾತ್ರ ಏರಿರುತ್ತದೆ. ‘ಫಾಸ್ಟಿಂಗ್ ನಾರ್ಮಲ್ ಉಂಟು’ ಎಂದು ವರ್ಷಗಟ್ಟಲೆ ನೆಮ್ಮದಿಯಾಗಿರುವವರು ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ.

ಕ್ಲಿನಿಕ್ಕುಗಳ ಗೋಡೆಯಲ್ಲಿ ಒಂದು ಚಿತ್ರ ಇರುತ್ತದೆ: ಜೀವಕೋಶಕ್ಕೆ ಬೀಗ, ಇನ್ಸುಲಿನ್ ಅದರ ಕೀಲಿಕೈ. ನನಗೆ ಆ ಚಿತ್ರದ ಮೇಲೆ ತಕರಾರು ಉಂಟು. ಸ್ನಾಯುವಿಗೆ ಮತ್ತು ಕೊಬ್ಬಿಗೆ ಅದು ಸರಿ. ಆದರೆ ನೋಡಿದವರು ಶುಗರ್ ಎಂದರೆ ಒಳಗೆ ಹೋಗಲಾಗದೆ ಹೊರಗೆ ನಿಂತ ಸಕ್ಕರೆ ಎಂದಷ್ಟೇ ತಿಳಿಯುತ್ತಾರೆ. ಪ್ಯಾಂಕ್ರಿಯಾಸಿನಿಂದ ಹೊರಟ ಇನ್ಸುಲಿನ್ ಮೈಗೆಲ್ಲ ಹೋಗುವ ಮೊದಲು ಪೋರ್ಟಲ್ ರಕ್ತನಾಳದಲ್ಲಿ ನೇರ ಲಿವರಿಗೆ ಹೋಗುತ್ತದೆ, ಅದರಲ್ಲಿ ಸುಮಾರು ಅರ್ಧ ಅಲ್ಲಿಯೇ ಮುಗಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಅದರ ಮುಖ್ಯ ಕೆಲಸ ಬಾಗಿಲು ತೆರೆಯುವುದೇ ಅಲ್ಲ, ಲಿವರಿನ ನಲ್ಲಿಯನ್ನು ಬಿಗಿಯುವುದು. ಇನ್ನೊಂದು ಕೆಲಸ ಐಲೆಟ್ಟಿನ ಒಳಗೇ ನಡೆಯುತ್ತದೆ: ಪಕ್ಕದಲ್ಲೇ ಇರುವ ಆಲ್ಫಾ ಕೋಶಗಳನ್ನು ಸುಮ್ಮನಿರಿಸುವುದು.

ಆ ಆಲ್ಫಾದ ಗ್ಲುಕಗಾನ್ ಪತ್ತೆಯಾದದ್ದೂ ಇನ್ಸುಲಿನ್ನಿನ ಬೆನ್ನಿಗೇ. 1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಪ್ಯಾಂಕ್ರಿಯಾಸಿನ ಸಾರ ತೆಗೆದರು, 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಅದನ್ನು ಕೊಟ್ಟರು. ಅಂಥ ಸಾರಗಳನ್ನು ಚುಚ್ಚಿದಾಗ ಕೆಲವೊಮ್ಮೆ ಸಕ್ಕರೆ ಇಳಿಯುವ ಮೊದಲು ಸ್ವಲ್ಪ ಹೊತ್ತು ಏರುತ್ತಿತ್ತು. ಏರಿಸುವ ಅಂಶ ಬೇರೆಯೇ ಉಂಟು ಎಂದು 1923ರಲ್ಲಿ ಕಿಂಬಲ್ ಮತ್ತು ಮರ್ಲಿನ್ ಹೇಳಿ ಗ್ಲುಕಗಾನ್ ಎಂದು ಹೆಸರಿಟ್ಟರು. ಇದು 29 ಅಮೈನೊ ಆಮ್ಲಗಳ ಪುಟ್ಟ ಸರಪಳಿ. ಇನ್ಸುಲಿನ್ 51ರದ್ದು.

ಗ್ಲುಕಗಾನ್ ಶತ್ರುವಲ್ಲ. ನೀವು ಮೀನು ತಿನ್ನುವವರಲ್ಲವೇನೋ, ಮಲ್ಪೆ ಕಡೆಯವರಿಗೆ ನಾನು ಹೇಳುವ ಉದಾಹರಣೆಯನ್ನೇ ಹೇಳುತ್ತೇನೆ. ಅನ್ನವಿಲ್ಲದೆ ಬರೀ ಬಂಗುಡೆ ಫ್ರೈ ತಿಂದರೆ ಅದರ ಪ್ರೋಟೀನಿಗೂ ಇನ್ಸುಲಿನ್ ಬರುತ್ತದೆ, ಆ ಪ್ರೋಟೀನನ್ನು ಮೈಗೆ ಸೇರಿಸಿಕೊಳ್ಳಲು ಅದು ಬೇಕು. ಆದರೆ ಬಂಗುಡೆಯಲ್ಲಿ ಸಕ್ಕರೆ ಇಲ್ಲವಲ್ಲ? ಇನ್ಸುಲಿನ್ ಒಂದೇ ಏರಿದರೆ ರಕ್ತದ ಸಕ್ಕರೆ ಕುಸಿಯಬೇಕು. ಕುಸಿಯುವುದಿಲ್ಲ, ಯಾಕೆಂದರೆ ಅದೇ ಪ್ರೋಟೀನು ಆಲ್ಫಾ ಕೋಶವನ್ನೂ ಎಬ್ಬಿಸುತ್ತದೆ, ಗ್ಲುಕಗಾನ್ ಲಿವರಿನಿಂದ ಸಕ್ಕರೆ ಬಿಡಿಸುತ್ತದೆ. ಅನ್ನ ತಿಂದಾಗ ಮಾತ್ರ ಇನ್ಸುಲಿನ್ ಏರಬೇಕು, ಗ್ಲುಕಗಾನ್ ಇಳಿಯಬೇಕು. ಸಕ್ಕರೆ 70ರ ಹತ್ತಿರ ಇಳಿದಾಗ ಮೊದಲು ಎದ್ದು ಬರುವವರಲ್ಲಿ ಇದೂ ಒಂದು.

ಟೈಪ್ 2ರಲ್ಲಿ ಏನಾಗುತ್ತದೆ? ಅನ್ನ ತಿಂದಾಗಲೂ ಗ್ಲುಕಗಾನ್ ಇಳಿಯುವಷ್ಟು ಇಳಿಯುವುದಿಲ್ಲ. ಹೊಟ್ಟೆಯಿಂದಲೂ ಸಕ್ಕರೆ, ಲಿವರಿನಿಂದಲೂ ಸಕ್ಕರೆ. ರಾತ್ರಿ ಇನ್ಸುಲಿನ್ ಇದ್ದರೂ ಲಿವರು ಅದರ ಮಾತು ಪೂರ್ತಿ ಕೇಳುವುದಿಲ್ಲ, ಮುಖ್ಯವಾಗಿ ಲಿವರಿನಲ್ಲಿ ಕೊಬ್ಬು ಸೇರಿದ್ದರೆ. ಸ್ಕ್ಯಾನಿಂಗ್ ರಿಪೋರ್ಟಿನ ಕೊನೆಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದು ಬರೆದದ್ದನ್ನು ‘ಅದು ಎಲ್ಲರಿಗೂ ಇರುತ್ತದೆ’ ಎಂದು ಮಡಚಿಡುತ್ತೇವಲ್ಲ, ಅದೇ. ನಿಮ್ಮ ಹಳೆಯ ರಿಪೋರ್ಟ್ ಇದ್ದರೆ ತೆಗೆದು ನೋಡಿ. ಇದರ ಮೇಲೆ ಬೆಳಗಿನ ಜಾವ ಕಾರ್ಟಿಸಾಲ್, ಗ್ರೋತ್ ಹಾರ್ಮೋನುಗಳು ಏರುತ್ತವೆ. ಅವು ದೇಹವನ್ನು ಏಳಲು ಸಿದ್ಧ ಮಾಡುವಾಗ ಲಿವರನ್ನೂ ಎಬ್ಬಿಸುತ್ತವೆ. ಶುಗರ್ ಇಲ್ಲದವರಲ್ಲಿ ಪ್ಯಾಂಕ್ರಿಯಾಸ್ ಆ ಹೊತ್ತಿಗೆ ಚೂರು ಹೆಚ್ಚು ಇನ್ಸುಲಿನ್ ಬಿಟ್ಟು ಸರಿದೂಗಿಸುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾದರೆ ಗ್ಲುಕಗಾನನ್ನೇ ತಡೆಯುವ ಮಾತ್ರೆ ಯಾಕಿಲ್ಲ ಎಂದು ಕೇಳಬಹುದು. ಪ್ರಯತ್ನ ಆಗಿದೆ. ಸಕ್ಕರೆ ಇಳಿಯಿತು, ಆದರೆ ಲಿವರಿನಲ್ಲಿ ಕೊಬ್ಬು ಮತ್ತು ಕೊಲೆಸ್ಟರಾಲ್ ಹೆಚ್ಚಿತು. ಟೈಪ್ 2ಗೆಂದು ಅಂಥದ್ದು ಯಾವುದೂ ಮೆಡಿಕಲ್ ಶಾಪಿಗೆ ಬಂದಿಲ್ಲ.

ಪಕ್ಕದ ಮನೆಯವರ ಮಾತಿಗೆ ಬರುವ. ಟೈಪ್ 2ರವರಲ್ಲಿ ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಬೀಟಾ ಕೋಶಗಳ ಸಾಮರ್ಥ್ಯ ಸುಮಾರು ಅರ್ಧಕ್ಕೆ ಇಳಿದಿರುತ್ತದೆ ಎಂದು ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಅಂದಾಜಿಸಿತ್ತು. ವರ್ಷ ಕಳೆದಂತೆ ಇನ್ನೂ ಇಳಿಯುತ್ತದೆ, ಅದು ನಿಜ. ಆದರೆ ಸಾಯುವುದು ಬೇರೆ. ಇನ್ಸುಲಿನ್ ಪೂರ್ತಿ ಇಲ್ಲವಾಗುವುದು ಟೈಪ್ 1ರಲ್ಲಿ. ಅಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳನ್ನು ಕೊಲ್ಲುತ್ತದೆ, ಮಕ್ಕಳಲ್ಲಿ, ಹದಿಹರೆಯದವರಲ್ಲಿ, ದೊಡ್ಡವರಲ್ಲೂ. ಅವರಿಗೆ ಇಂಜೆಕ್ಷನ್ ಒಂದು ದಿನವೂ ತಪ್ಪುವಂತಿಲ್ಲ. ಇಡೀ ಪ್ಯಾಂಕ್ರಿಯಾಸೇ ಹಾಳಾಗುವುದು ಇನ್ನೊಂದು ಬಗೆ: ಕುಡಿತದಿಂದ ಮತ್ತೆ ಮತ್ತೆ ಊತ ಬಂದು, ಇಲ್ಲವೇ ಒಳಗೆ ಕಲ್ಲುಗಟ್ಟಿ. ಕಲ್ಲುಗಟ್ಟುವ ಬಗೆ ಹಿಂದೆ ಕೇರಳದಲ್ಲಿ ಬಹಳ ವರದಿಯಾಗಿತ್ತು. ಇಂಥವರಲ್ಲಿ ಬೀಟಾದ ಜೊತೆ ಆಲ್ಫಾ ಕೋಶಗಳೂ ಹೋಗಿರುತ್ತವೆ, ಹಾಗಾಗಿ ಇನ್ಸುಲಿನ್ ಸ್ವಲ್ಪ ಹೆಚ್ಚಾದರೂ ಸಕ್ಕರೆ ಥಟ್ಟನೆ ಕುಸಿಯುತ್ತದೆ, ಎತ್ತುವವರಿಲ್ಲ. ನಿಮ್ಮಲ್ಲಿ ಆಗಿರುವುದು ಇದರ ಉಲ್ಟಾ, ಎತ್ತುವವರು ಅಗತ್ಯಕ್ಕಿಂತ ಚುರುಕಾಗಿದ್ದಾರೆ. ಅನುಮಾನ ಇದ್ದರೆ ಸಿ-ಪೆಪ್ಟೈಡ್ ಎಂಬ ರಕ್ತಪರೀಕ್ಷೆ ಉಂಟು. ಪ್ಯಾಂಕ್ರಿಯಾಸ್ ಇನ್ಸುಲಿನ್ ಬಿಟ್ಟಾಗಲೆಲ್ಲ ಅದೂ ಅಷ್ಟೇ ಪ್ರಮಾಣದಲ್ಲಿ ಹೊರಬರುತ್ತದೆ. ನಿಮ್ಮ ಸಂಖ್ಯೆಗಳಿಗೆ ಅದು ಬೇಕೆಂದು ನನಗೆ ಅನಿಸುವುದಿಲ್ಲ, ದುಡ್ಡು ಉಳಿಸಿ.

ನಿಮ್ಮ ಎಚ್‌ಬಿಎ1ಸಿ 7.6 ಎಂದರೆ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಸುಮಾರು 170. ಬೆಳಗಿನ 158 ಅದಕ್ಕಿಂತ ಕಮ್ಮಿ. ಅಂದರೆ ಊಟದ ನಂತರವೂ ಎಲ್ಲೋ ಏರುತ್ತಿದೆ, ಅದನ್ನು ನೀವು ನೋಡುತ್ತಿಲ್ಲ. ಬೆಳಗಿನ ತಿಂಡಿ ಶುರು ಮಾಡಿದ ಎರಡು ಗಂಟೆಗೆ ಒಂದೆರಡು ದಿನ ನೋಡಿ. ಮಾತ್ರೆ ಸೇರಿಸಬೇಕು ಎಂದ ನಿಮ್ಮ ಡಾಕ್ಟರು ತಪ್ಪು ಹೇಳಿಲ್ಲ. ಯಾವ ಮಾತ್ರೆ ಎಂಬುದಕ್ಕೆ ನಿಮ್ಮ ಏಕಾದಶಿಯನ್ನು ಅವರಿಗೆ ಹೇಳಲೇಬೇಕು. ಹೇಳಿದ್ದೀರಾ? ನಮ್ಮಲ್ಲಿ ಹೆಚ್ಚಿನವರು ಹೇಳುವುದಿಲ್ಲ, ‘ಉಪವಾಸ ಬಿಡಿ’ ಎಂದಾರು ಎಂದು.

ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರು ಬಿಡುವ ಸಕ್ಕರೆಯನ್ನೇ ಕಮ್ಮಿ ಮಾಡುವ ಮಾತ್ರೆ. ನಿಮಗೆ ದಿನಕ್ಕೆ 1000 ಮಿಲಿಗ್ರಾಂ ಆಗುತ್ತಿದೆ. ಕಿಡ್ನಿ ಸರಿಯಿದ್ದು ಹೊಟ್ಟೆ ಒಪ್ಪಿದರೆ 2000ದವರೆಗೆ ಏರಿಸಲು ಜಾಗ ಇದೆ. ನಾನಾದರೆ ಮೊದಲು ಅದನ್ನೇ ಕೇಳುತ್ತೇನೆ. ವರ್ಷಗಟ್ಟಲೆ ತೆಗೆದುಕೊಳ್ಳುವವರು ಬಿ12 ನೋಡಿಸಿಕೊಳ್ಳಬೇಕು, ಸಸ್ಯಾಹಾರಿಗಳಂತೂ ಖಂಡಿತ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಎಂಬ ಮಾತ್ರೆಗಳು ಅಗ್ಗ, ಸಕ್ಕರೆಯನ್ನು ಚೆನ್ನಾಗಿಯೇ ಇಳಿಸುತ್ತವೆ. ಆದರೆ ಮೇಲೆ ಹೇಳಿದೆನಲ್ಲ, ಬೀಟಾ ಕೋಶದ ಪೊಟ್ಯಾಸಿಯಂ ದಾರಿ, ಅದನ್ನು ಇವು ಸಕ್ಕರೆ ಇರಲಿ ಇಲ್ಲದಿರಲಿ ಮುಚ್ಚಿಬಿಡುತ್ತವೆ. ಹೊಟ್ಟೆಗೆ ಏನೂ ಇಲ್ಲದ ದಿನವೂ ಇನ್ಸುಲಿನ್ ಬಂದೇ ಬರುತ್ತದೆ. ಏಕಾದಶಿ ದಿನ ಇವನ್ನು ನುಂಗಿ ಮಠದ ಕ್ಯೂನಲ್ಲಿ ನಿಂತರೆ ಬೆವರು, ನಡುಕ, ಕಣ್ಣು ಕತ್ತಲೆ. ವಿಲ್ಡಾಗ್ಲಿಪ್ಟಿನ್, ಸಿಟಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್‌ಗಳು ಬೇರೆ ರೀತಿ. ಊಟ ಮಾಡಿದಾಗ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನ್ ಬಿಡುತ್ತದೆ. ಸಕ್ಕರೆ ಹೆಚ್ಚಿದ್ದಾಗ ಅದು ಇನ್ಸುಲಿನ್ ಏರಿಸುತ್ತದೆ, ಗ್ಲುಕಗಾನ್ ಇಳಿಸುತ್ತದೆ. ಕುತೂಹಲದ ಸಂಗತಿ ಎಂದರೆ ಗ್ಲುಕಗಾನ್ ಮತ್ತು ಜಿಎಲ್‌ಪಿ-1 ಎರಡೂ ಒಂದೇ ಜೀನ್‌ನ ಮಕ್ಕಳು. ಪ್ಯಾಂಕ್ರಿಯಾಸಿನಲ್ಲಿ ತುಂಡಾದರೆ ಒಂದು, ಕರುಳಿನಲ್ಲಿ ತುಂಡಾದರೆ ಇನ್ನೊಂದು. ಈ ಗ್ಲಿಪ್ಟಿನ್‌ಗಳು ಆ ಜಿಎಲ್‌ಪಿ-1 ಬೇಗ ಕರಗದಂತೆ ನೋಡಿಕೊಳ್ಳುತ್ತವೆ. ಉಪವಾಸ ಮಾಡುವವರಿಗೆ ಇವು ಹೆಚ್ಚು ಹೊಂದುತ್ತವೆ. ಡಾಪಾಗ್ಲಿಫ್ಲೋಜಿನ್ ಮೂತ್ರದಲ್ಲಿ ಸಕ್ಕರೆ ಹೊರಹಾಕುತ್ತದೆ, ಹೃದಯಕ್ಕೂ ಕಿಡ್ನಿಗೂ ಒಳ್ಳೆಯದು. ಆದರೆ ಉಪವಾಸದಲ್ಲಿ ಕೀಟೋನ್ (ಕೊಬ್ಬು ಒಡೆದಾಗ ಬರುವ ಆಮ್ಲ) ಏರುವ ಅಪಾಯ ಉಂಟು, ನೀರೂ ಕುಡಿಯದಿದ್ದರೆ ನಿರ್ಜಲೀಕರಣವೂ ಆಗಬಹುದು, ಉಪವಾಸಕ್ಕೆ ಮೊದಲೇ ಕೇಳಿಕೊಂಡು ನಿಲ್ಲಿಸಬೇಕು.

ಮುಂದೆಂದಾದರೂ ರಾತ್ರಿ ಒಂದು ಇನ್ಸುಲಿನ್ ಬರೆದುಕೊಟ್ಟರೆ ಅದು ‘ಕೊನೆಯ ಹಂತ’ ಎಂದು ಅಳಬೇಕಿಲ್ಲ. ದಿನಕ್ಕೊಮ್ಮೆ ಹಾಕುವ ನಿಧಾನದ ಇನ್ಸುಲಿನ್ನಿನ ಕೆಲಸ ರಾತ್ರಿ ಲಿವರನ್ನು ತಡೆಯುವುದೇ.

ರಾತ್ರಿ ಊಟ ಬಿಡುವುದರಿಂದ ನಿಮ್ಮ ಬೆಳಗಿನ ಸಂಖ್ಯೆ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ, ಏಕಾದಶಿಯೇ ಅದನ್ನು ತೋರಿಸಿದೆ. ಊಟವನ್ನು ಸ್ವಲ್ಪ ಮುಂದೆ ತನ್ನಿ, ಏಳಕ್ಕೆ. ಕುಚ್ಚಲಕ್ಕಿ ಬೆಳ್ತಿಗೆ (ಬಿಳಿ) ಅಕ್ಕಿಗಿಂತ ವಾಸಿ, ಆದರೆ ಗಂಜಿ ಮೆತ್ತಗೆ ಬೆಂದಷ್ಟೂ ಬೇಗ ಸಕ್ಕರೆಯಾಗುತ್ತದೆ. ಅಗಳು ಕಮ್ಮಿ ಮಾಡಿ, ಹೆಸರುಕಾಳಿನ ಪಲ್ಯವೋ ಹುರುಳಿ ಸಾರೋ ಹೆಚ್ಚು ಮಾಡಿ. ಊಟದ ನಂತರ ಅರ್ಧ ಗಂಟೆ ನಡೆಯಿರಿ. ನಡೆಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ಗ್ಲುಕೋಸ್ ಎಳೆದುಕೊಳ್ಳುತ್ತದೆ, ಆಮೇಲೆ ರಾತ್ರಿಯಲ್ಲೂ ಖಾಲಿಯಾದ ತನ್ನ ದಾಸ್ತಾನನ್ನು ತುಂಬಿಕೊಳ್ಳುತ್ತಿರುತ್ತದೆ. ಮಳೆಗಾಲದಲ್ಲಿ ಚಾವಡಿಯಲ್ಲೇ ಆಚೀಚೆ ನಡೆದರೂ ಸಾಕು. ಸೊಂಟದ ಸುತ್ತಳತೆ ಹೆಂಗಸರಾದರೆ 80, ಗಂಡಸರಾದರೆ 90 ಸೆಂ.ಮೀ. ಮೀರಿದ್ದರೆ ಮೂರ್ನಾಲ್ಕು ಕಿಲೋ ಇಳಿಸುವುದು ಲಿವರಿನ ಕೊಬ್ಬಿಗೆ ಯಾವ ಮಾತ್ರೆಗೂ ಕಮ್ಮಿ ಇಲ್ಲ.

ಹಾಗಲಕಾಯಿ ಪಲ್ಯ ಮಾಡಿ ತಿನ್ನಿ, ಮೆಂತೆಯೂ ಆಗಬಹುದು, ನಾರು ಸಿಗುತ್ತದೆ. ಬೆಳಿಗ್ಗೆ ಲೋಟಗಟ್ಟಲೆ ಕಹಿ ರಸ ಕುಡಿದು ಕೋಶಗಳು ಮರಳಿ ಹುಟ್ಟಿದ್ದನ್ನು ನಾನು ಕಂಡಿಲ್ಲ, ಹೊಟ್ಟೆ ಕೆಟ್ಟದ್ದನ್ನು ಕಂಡಿದ್ದೇನೆ. ಮಾತ್ರೆ ಬಿಟ್ಟು ಅದನ್ನು ಹಿಡಿಯಬೇಡಿ.

ಡಾಕ್ಟರಲ್ಲಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಬೇರೆ ಬೇರೆ ಎರಡು ರಾತ್ರಿ ಮೂರು ಗಂಟೆಗೆ ಅಲಾರಾಂ ಇಟ್ಟು ಎದ್ದು ನೋಡಿ. ಮೂರಕ್ಕೆ 130ರ ಆಸುಪಾಸು ಇದ್ದು ಆರೂವರೆಗೆ 158 ಆದರೆ ಅದು ಬೆಳಗಿನ ಜಾವದ ಹಾರ್ಮೋನುಗಳ ಏರಿಕೆ. ಮೂರಕ್ಕೇ 150 ದಾಟಿದ್ದರೆ ಲಿವರು ರಾತ್ರಿಯಿಡೀ ಬಿಡುತ್ತಿದೆ. ಹತ್ತೂವರೆ, ಮೂರು, ಆರೂವರೆ, ತಿಂಡಿಯ ನಂತರ ಎರಡು ಗಂಟೆ, ಈ ನಾಲ್ಕು ಓದುಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಮಾತ್ರೆ ಆರಿಸುವುದು ಅವರಿಗೆ ಸುಲಭ. ಹೊಸ ಮಾತ್ರೆ ಶುರುವಾದ ಮೇಲೂ ಒಮ್ಮೆ ಮೂರು ಗಂಟೆಗೆ ನೋಡಿ. ಆಗ 70ಕ್ಕಿಂತ ಕೆಳಗೆ ಬಂದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಬೆಳಗಾದ ಕೂಡಲೇ ಮಾತ್ರೆ ಬರೆದವರಿಗೆ ಫೋನ್ ಮಾಡಿ.